ಮಕ್ಕಳ ಮೆದುಳಿನ ಗಡ್ಡೆ ಮತ್ತು ತಲೆಯಲ್ಲಿ ಕಟ್ಟಿಕೊಳ್ಳುವ ನೀರು: ಶಂಟ್‌ಗಿಂತ ಮೊದಲು ಯೋಚಿಸಬೇಕಾದದ್ದು

ಹೈಡ್ರೋಸೆಫಾಲಸ್ (ತಲೆಯೊಳಗೆ ನೀರು ಕಟ್ಟಿಕೊಳ್ಳುವುದು) ಅಂದ ಕೂಡಲೇ ಕಣ್ಣ ಮುಂದೆ ಬರುವುದು ದೊಡ್ಡ ತಲೆಯ ಹಸುಗೂಸು, ವೈದ್ಯಕೀಯ ವಿದ್ಯಾರ್ಥಿಯ ಉತ್ತರ ಪತ್ರಿಕೆಯಲ್ಲಿ ಬರುವುದು ವಿಪಿ ಶಂಟ್, ಅಂದರೆ ಮೆದುಳಿನ ನೀರನ್ನು ಹೊಟ್ಟೆಯೊಳಕ್ಕೆ ಹರಿಸುವ ಕೊಳವೆ. ಗಡ್ಡೆಯಿಂದ ಬಂದ ಹೈಡ್ರೋಸೆಫಾಲಸ್‌ಗೆ ಈ ಉತ್ತರ ಸಾಲದು. ಇಲ್ಲಿ ನೀರು ನಿಂತಿರುವುದು ಗಡ್ಡೆ ಅಡ್ಡ ಬಂದಿರುವುದರಿಂದ. ಕಿರುಮೆದುಳಿನ ಭಾಗದ ಗಡ್ಡೆಗಳಲ್ಲಿ, ಗಡ್ಡೆಯನ್ನು ತೆಗೆದರೆ ಹತ್ತರಲ್ಲಿ ಸುಮಾರು ಏಳು ಮಕ್ಕಳಿಗೆ ಮತ್ತೆ ಏನೂ ಬೇಕಾಗುವುದಿಲ್ಲ. ಉಳಿದ ಮೂರು ಮಕ್ಕಳು ಯಾರು, ಆಪರೇಷನ್ನಿನ ದಿನದವರೆಗೆ ಮಗುವನ್ನು ಕಾಪಾಡುವುದು ಹೇಗೆ ಎಂಬ ಎರಡು ಪ್ರಶ್ನೆಗಳ ಸುತ್ತಲೇ ಈ ಟಿಪ್ಪಣಿ.

ನೀರು ಎಲ್ಲಿ ನಿಲ್ಲುತ್ತದೆ

ಸಿಎಸ್‌ಎಫ್, ಅಂದರೆ ಮೆದುಳಿನ ಒಳಗೂ ಸುತ್ತಲೂ ಇರುವ ಈ ನೀರು, ಹರಿಯುವ ದಾರಿಯನ್ನು ಒಮ್ಮೆ ಬೆರಳಿಟ್ಟು ಹಿಂಬಾಲಿಸಿ. ಎರಡು ಲ್ಯಾಟರಲ್ ವೆಂಟ್ರಿಕಲ್‌ಗಳಿಂದ (ವೆಂಟ್ರಿಕಲ್ ಎಂದರೆ ಮೆದುಳಿನೊಳಗಿನ ನೀರಿನ ಕೋಣೆ) ಮನ್ರೋ ರಂಧ್ರ, ಅಲ್ಲಿಂದ ಮೂರನೇ ವೆಂಟ್ರಿಕಲ್, ಆಮೇಲೆ ಒಂದೆರಡು ಮಿಲಿಮೀಟರ್ ಅಗಲದ ಸಿಲ್ವಿಯಸ್ ನಾಳ, ನಾಲ್ಕನೇ ವೆಂಟ್ರಿಕಲ್, ಕೊನೆಗೆ ಲುಷ್ಕಾ ಮತ್ತು ಮಜಾಂಡಿ ರಂಧ್ರಗಳಿಂದ ಮೆದುಳಿನ ಹೊರಮೈಗೆ. ದೊಡ್ಡವರಲ್ಲಿ ದಿನಕ್ಕೆ ಸುಮಾರು 500 ಮಿ.ಲೀ. ಉತ್ಪತ್ತಿಯಾಗುತ್ತದೆ, ಆದರೆ ಯಾವುದೇ ಹೊತ್ತಿನಲ್ಲಿ ಒಳಗಿರುವುದು ಸುಮಾರು 150 ಮಿ.ಲೀ. ಮಾತ್ರ. ಅಂದರೆ ದಿನಕ್ಕೆ ಮೂರು ಸಲಕ್ಕೂ ಹೆಚ್ಚು ನೀರು ಹೊಸದಾಗುತ್ತದೆ. ದಾರಿ ಮುಚ್ಚಿದರೂ ಉತ್ಪತ್ತಿ ಹೆಚ್ಚುಕಡಿಮೆ ಹಾಗೆಯೇ ನಡೆಯುತ್ತದೆ. ಆದ್ದರಿಂದಲೇ ಪೂರ್ತಿ ಮುಚ್ಚಿದ ಮಗು ಗಂಟೆಗಳ ಲೆಕ್ಕದಲ್ಲಿ ಕುಸಿಯಬಹುದು.

ಮಕ್ಕಳ ಮೆದುಳಿನ ಗಡ್ಡೆಗಳಲ್ಲಿ ಸುಮಾರು ಅರ್ಧದಷ್ಟು ಪೋಸ್ಟೀರಿಯರ್ ಫೋಸಾದಲ್ಲಿ, ಅಂದರೆ ತಲೆಬುರುಡೆಯ ಹಿಂಭಾಗದ ಕೆಳಗೆ, ಬೆಳೆಯುತ್ತವೆ. ಇಕ್ಕಟ್ಟಾದ ಜಾಗ, ನಡುವೆಯೇ ನಾಲ್ಕನೇ ವೆಂಟ್ರಿಕಲ್. ಹೀಗಾಗಿ ಈ ಮಕ್ಕಳಲ್ಲಿ ಬಹುಪಾಲು ಮಂದಿ ಆಸ್ಪತ್ರೆಗೆ ಬರುವಾಗಲೇ ಹೈಡ್ರೋಸೆಫಾಲಸ್ ಇರುತ್ತದೆ. ಮೆಡುಲ್ಲೋಬ್ಲಾಸ್ಟೋಮಾ ಸಾಮಾನ್ಯವಾಗಿ ಕಿರುಮೆದುಳಿನ ನಡುಭಾಗವಾದ ವರ್ಮಿಸ್‌ನಿಂದ ಇಳಿದು ವೆಂಟ್ರಿಕಲ್ಲಿನ ಒಳಗನ್ನು ತುಂಬುತ್ತದೆ. ಎಪೆಂಡೈಮೋಮಾ ಒಳಗಿನಿಂದ ಬೆಳೆದು, ಟ್ಯೂಬಿನಿಂದ ಹಿಂಡಿದ ಪೇಸ್ಟಿನ ಹಾಗೆ ಲುಷ್ಕಾ ರಂಧ್ರದಿಂದ ಹೊರಗೆ ಇಳಿಯುತ್ತದೆ; ಎಂಆರ್‌ಐಯಲ್ಲಿ ಇದನ್ನು ನೋಡಿದರೆ ಮರೆಯುವುದಿಲ್ಲ. ಪೈಲೋಸಿಟಿಕ್ ಆಸ್ಟ್ರೋಸೈಟೋಮಾ ಹೆಚ್ಚಾಗಿ ದೊಡ್ಡ ಸಿಸ್ಟ್ (ದ್ರವ ತುಂಬಿದ ಚೀಲ), ಅದರ ಗೋಡೆಯಲ್ಲೊಂದು ಗಂಟು. ಪೂರ್ತಿ ತೆಗೆದರೆ ಬಹುತೇಕ ಗುಣವೇ ಆದಂತೆ. ಮೆದುಳುಕಾಂಡದ ಪಾನ್ಸ್ ಭಾಗದಲ್ಲಿ ಬೆಳೆಯುವ ಡಿಐಪಿಜಿ ಗಡ್ಡೆಯಲ್ಲಿ ಮಾತ್ರ ಶುರುವಿನಲ್ಲಿ ನೀರು ಅಷ್ಟಾಗಿ ಕಟ್ಟುವುದಿಲ್ಲ, ಕಾಯಿಲೆ ಮುಂದುವರಿದ ಮೇಲೆ ಕಾಣಿಸಿಕೊಳ್ಳುತ್ತದೆ.

ಮನೆಯಲ್ಲಿ ಕಾಣುವ ಲಕ್ಷಣಗಳು

ಬೆಳಗ್ಗೆ ಎದ್ದ ಕೂಡಲೇ ತಲೆನೋವು, ವಾಂತಿ, ವಾಂತಿಯಾದ ಮೇಲೆ ಸ್ವಲ್ಪ ಹಗುರ. ರಾತ್ರಿಯಿಡೀ ಮಲಗಿರುವಾಗ, ನಿದ್ದೆಯಲ್ಲಿ ಇಂಗಾಲದ ಡೈಆಕ್ಸೈಡ್ ತುಸು ಏರಿ ರಕ್ತನಾಳಗಳು ಹಿಗ್ಗಿದಾಗ, ತಲೆಯೊಳಗಿನ ಒತ್ತಡ ಹೆಚ್ಚುತ್ತದೆ. ವಾರಗಟ್ಟಲೆ 'ಗ್ಯಾಸ್ಟ್ರಿಕ್', 'ಪಿತ್ತ', 'ದೃಷ್ಟಿ ತಗುಲಿದೆ' ಎಂದು ದಿನ ದೂಡುವುದು ಇಲ್ಲೇ. ಭೇದಿ ಇಲ್ಲ, ಜ್ವರ ಇಲ್ಲ, ಬರೀ ವಾಂತಿ, ಜೊತೆಗೆ ನಡಿಗೆಯಲ್ಲಿ ತೂರಾಟ ಅಂದರೆ ಹೊಟ್ಟೆಯನ್ನು ಬಿಟ್ಟು ತಲೆಯ ಕಡೆ ನೋಡಬೇಕು. ಕಣ್ಣಿನ ಹಿಂಭಾಗದಲ್ಲಿ ಪ್ಯಾಪಿಲೆಡೀಮಾ (ಒತ್ತಡದಿಂದ ಕಣ್ಣಿನ ನರದ ತುದಿ ಊದುವುದು) ಇದೆಯೇ ನೋಡಿ. ಕಣ್ಣನ್ನು ಹೊರಕ್ಕೆ ತಿರುಗಿಸುವ ಆರನೇ ನರ ಸೋತು ಮಗುವಿಗೆ ಎರಡೆರಡಾಗಿ ಕಾಣಿಸುತ್ತಿದ್ದರೆ, ಗಡ್ಡೆ ಆ ನರದ ಮೇಲೆಯೇ ಇರಬೇಕೆಂದಿಲ್ಲ, ಒತ್ತಡವೊಂದೇ ಸಾಕು. ಕತ್ತು ಒಂದು ಕಡೆಗೆ ವಾಲಿದ್ದರೆ ಹೆಚ್ಚು ಎಚ್ಚರ ಬೇಕು: ಕಿರುಮೆದುಳಿನ ಟಾನ್ಸಿಲ್‌ಗಳು (ಅದರ ಕೆಳತುದಿಗಳು) ಕೆಳಗೆ ಜಾರುತ್ತಿರಬಹುದು. ಎರಡು ವರ್ಷದೊಳಗಿನ ಕೂಸಿನಲ್ಲಿ ಬುರುಡೆಯ ಹೊಲಿಗೆಗಳು ಇನ್ನೂ ಬಿಡಿಯಾಗಿರುವುದರಿಂದ ತಲೆ ದೊಡ್ಡದಾಗಿ ಒತ್ತಡವನ್ನು ಮರೆಮಾಚುತ್ತದೆ. ತಲೆಸುತ್ತಳತೆಯನ್ನು ಚಾರ್ಟಿನಲ್ಲಿ ಗುರುತಿಸುವ ಅಭ್ಯಾಸ ಇಲ್ಲಿ ಕೈಹಿಡಿಯುತ್ತದೆ.

ಇಂಥ ಮಗುವಿಗೆ ಸ್ಕ್ಯಾನ್ ಮಾಡದೆ ಬೆನ್ನಿನಿಂದ ನೀರು ತೆಗೆಯಬಾರದು. ಕೆಳಗಿನ ಒತ್ತಡ ಇಳಿದರೆ ಮೆದುಳು ಕೆಳಕ್ಕೆ ಜಾರುತ್ತದೆ.

ಮೊದಲ 48 ಗಂಟೆ

ಮಗು ಎಚ್ಚರವಾಗಿದೆ, ಮಾತಾಡುತ್ತಿದೆ, ಬರೀ ತಲೆನೋವು ಎಂದಾದರೆ ಡೆಕ್ಸಾಮೆಥಸೋನ್ ಎಂಬ ಸ್ಟೀರಾಯ್ಡ್ ಶುರು ಮಾಡುತ್ತಾರೆ. ಗಡ್ಡೆಯ ಸುತ್ತಲಿನ ಊತ ಇಳಿದು, ಮುಚ್ಚಿದ ದಾರಿ ತುಸು ಬಿಡಿಸಿಕೊಂಡು, ಒಂದು ದಿನದೊಳಗೆ ಮಗು ಊಟ ಕೇಳುವಷ್ಟು ಚೇತರಿಸಿಕೊಳ್ಳುವುದುಂಟು. ಇದು ಎಂಆರ್‌ಐ ಮುಗಿಸಿ ಆಪರೇಷನ್ ಸಿದ್ಧತೆ ಮಾಡಿಕೊಳ್ಳಲು ಸಿಗುವ ಸಮಯ, ಚಿಕಿತ್ಸೆಯಲ್ಲ. ಎಷ್ಟೋ ಮಕ್ಕಳು ಇಷ್ಟರಿಂದಲೇ ನೇರವಾಗಿ ಗಡ್ಡೆಯ ಆಪರೇಷನ್ನಿಗೆ ಹೋಗುತ್ತಾರೆ, ನೀರಿಗೆಂದು ಬೇರೆ ಆಪರೇಷನ್ ಬೇಕಾಗುವುದಿಲ್ಲ.

ಮಗು ಮಂಪರಿನಲ್ಲಿದ್ದರೆ, ನಾಡಿ ನಿಧಾನವಾಗಿ ಬಿಪಿ ಏರುತ್ತಿದ್ದರೆ ಕಾಯುವಂತಿಲ್ಲ. ತಲೆಯನ್ನು 30 ಡಿಗ್ರಿ ಎತ್ತರಿಸಿ, ಒತ್ತಡ ಇಳಿಸಲು ಮ್ಯಾನಿಟಾಲ್ ಅಥವಾ 3% ಸಲೈನ್ ಕೊಟ್ಟು, ಇವಿಡಿ ಹಾಕಲು ಓಡಬೇಕು. ಇವಿಡಿ ಎಂದರೆ ವೆಂಟ್ರಿಕಲ್‌ನಿಂದ ಹೊರಗಿನ ಚೀಲಕ್ಕೆ ನೀರು ಬಿಡುವ ತಾತ್ಕಾಲಿಕ ಕೊಳವೆ. ವಾರ್ಡಿನಲ್ಲಿ ಓದಿದ್ದಕ್ಕಿಂತ ಹೆಚ್ಚು ಕಲಿಸುವುದು ಈ ಕೊಳವೆಯೇ, ಅದಕ್ಕಾಗಿ ಸ್ವಲ್ಪ ವಿವರವಾಗಿ ಬರೆಯುತ್ತೇನೆ. ಸೊನ್ನೆಯ ಮಟ್ಟ ಕಿವಿಯ ಟ್ರೇಗಸ್‌ಗೆ (ಕಿವಿರಂಧ್ರದ ಮುಂದಿನ ಪುಟ್ಟ ಉಬ್ಬು) ಸರಿಯಾಗಿರಬೇಕು, ಹನಿ ಬೀಳುವ ಚೇಂಬರ್ ಸಾಮಾನ್ಯವಾಗಿ ಅದಕ್ಕಿಂತ 10–15 ಸೆಂ.ಮೀ. ಮೇಲೆ. ತಾಯಿ ಮಗುವನ್ನು ಎತ್ತಿ ಕೂರಿಸಿದರೆ, ಮಂಚದ ತಲೆಭಾಗ ಏರಿಸಿದರೆ, ಚೇಂಬರ್ ಇದ್ದಲ್ಲೇ ಇರುತ್ತದೆ, ತಲೆ ಮೇಲಕ್ಕೆ ಹೋಗುತ್ತದೆ, ನೀರು ಸುರಿದುಬಿಡುತ್ತದೆ. ಅದಕ್ಕೇ ಮೊದಲು ಕ್ಲ್ಯಾಂಪ್, ಆಮೇಲೆ ಮಗುವನ್ನು ಅಲುಗಾಡಿಸುವುದು, ಮತ್ತೆ ಮಟ್ಟ ಹೊಂದಿಸಿ ಕ್ಲ್ಯಾಂಪ್ ತೆಗೆಯುವುದು. ಪಕ್ಕದಲ್ಲಿರುವ ತಾಯಿಗೆ 'ಅಮ್ಮಾ, ಮಗೂನ ಎತ್ತೋ ಮುಂಚೆ ಸಿಸ್ಟರ್‌ನ ಕರೀರಿ' ಎಂದು ಮೊದಲ ದಿನವೇ ಹೇಳಿಡುವುದು ಒಳ್ಳೆಯದು.

ಕೆಳಗೆ ಗಡ್ಡೆ ಇರುವಾಗ ಬೇಗ ನೀರು ಸುರಿದರೆ ಇನ್ನೂ ಒಂದು ಅಪಾಯವಿದೆ. ಕಿರುಮೆದುಳಿನ ಮೇಲೆ ಚಾಚಿರುವ ಟೆಂಟೋರಿಯಂ ಪೊರೆಯ ಮೇಲ್ಭಾಗದ ಒತ್ತಡ ತಟ್ಟನೆ ಇಳಿಯುತ್ತದೆ, ಕೆಳಗಿನ ಒತ್ತಡ ಹಾಗೇ ಇರುತ್ತದೆ. ಆಗ ಕಿರುಮೆದುಳು ಮೇಲ್ಮುಖವಾಗಿ ನುಗ್ಗಿ ಮೆದುಳುಕಾಂಡವನ್ನು ಒತ್ತುತ್ತದೆ. ಡ್ರೈನ್ ಹಾಕಿದ ಮೇಲೆ ಮಗು ಸುಧಾರಿಸುವ ಬದಲು ಇನ್ನಷ್ಟು ಮಂಪರಾದರೆ ಇದನ್ನು ನೆನೆಯಲೇಬೇಕು. ಹಿಂದೊಂದು ಕಾಲದಲ್ಲಿ ಗಡ್ಡೆಯ ಆಪರೇಷನ್ನಿಗೆ ಮೊದಲು ಎಲ್ಲ ಮಕ್ಕಳಿಗೂ ಶಂಟ್ ಹಾಕುವ ರೂಢಿಯಿತ್ತು. ಅದು ಹಿಂದೆ ಸರಿದದ್ದಕ್ಕೆ ಇದೊಂದು ಕಾರಣ, ಜೀವನಪೂರ್ತಿ ಶಂಟ್ ಹೊತ್ತು ತಿರುಗಬೇಕಾದ ಕಷ್ಟ ಇನ್ನೊಂದು.

ಇಟಿವಿ: ಎಲ್ಲರಿಗೂ ಬೇಕೆ?

ಇಟಿವಿ (ಎಂಡೋಸ್ಕೋಪಿಕ್ ಥರ್ಡ್ ವೆಂಟ್ರಿಕ್ಯುಲೋಸ್ಟಮಿ) ಎಂಬ ಆಪರೇಷನ್ನಿನಲ್ಲಿ ಎಂಡೋಸ್ಕೋಪನ್ನು ಮನ್ರೋ ರಂಧ್ರದ ಮೂಲಕ ಇಳಿಸಿ, ಮೂರನೇ ವೆಂಟ್ರಿಕಲ್ಲಿನ ತೆಳುವಾದ ನೆಲದಲ್ಲಿ, ಮ್ಯಾಮಿಲರಿ ಬಾಡಿಗಳೆಂಬ ಎರಡು ಪುಟ್ಟ ಉಬ್ಬುಗಳ ಮುಂದೆ, ಒಂದು ತೂತು ಮಾಡಿ ಬಲೂನಿನಿಂದ ಹಿಗ್ಗಿಸುತ್ತಾರೆ. ಅಡ್ಡಿಯನ್ನು ಬಳಸಿಕೊಂಡು ನೀರು ಹೊರಗೆ ಹೋಗುತ್ತದೆ. ಆ ನೆಲದ ಕೆಳಗೇ ಬೇಸಿಲರ್ ರಕ್ತನಾಳ ಇದೆ, ಸರ್ಜನ್‌ಗಳ ಭಯವೆಲ್ಲ ಅದರದ್ದೇ. ಬಾಸ್ಟನ್ನಿನ ವಿಲಿಯಂ ಮಿಕ್ಸ್ಟರ್ ಇದನ್ನು 1923ರಲ್ಲಿ ಮೂತ್ರನಾಳ ನೋಡುವ ಸ್ಕೋಪ್ ಬಳಸಿ ಒಂದು ಹೆಣ್ಣುಮಗುವಿಗೆ ಮಾಡಿದ್ದರು.

2001ರಲ್ಲಿ ಪ್ಯಾರಿಸ್ಸಿನ ಸರ್ಜನ್ ಸೇಂಟ್-ರೋಸ್ ಅವರ ತಂಡದ ವರದಿ ಬಂತು. ಗಡ್ಡೆ ತೆಗೆಯುವ ಮೊದಲೇ ಇಟಿವಿ ಮಾಡಿದ ಮಕ್ಕಳಲ್ಲಿ ಆಮೇಲೆ ಹೈಡ್ರೋಸೆಫಾಲಸ್ ಉಳಿದದ್ದು 6% ಮಂದಿಗೆ, ಮಾಡದವರಲ್ಲಿ ಸುಮಾರು 27% ಮಂದಿಗೆ. ಅಂಕಿ ಆಕರ್ಷಕವಾಗಿದೆ. ಆದರೆ ಅದೇ ಅಂಕಿಯನ್ನು ತಿರುಗಿಸಿ ಓದಿ: ಇಟಿವಿ ಇಲ್ಲದೆಯೂ 73% ಮಕ್ಕಳು ಚೆನ್ನಾಗಿದ್ದರು. ಎಲ್ಲರಿಗೂ ಮಾಡಿದರೆ ಬಹುಪಾಲು ಮಕ್ಕಳಿಗೆ ಬೇಡದ ಆಪರೇಷನ್ ಮಾಡಿದಂತಾಗುತ್ತದೆ. ಅಪಾಯ ಹೆಚ್ಚಿರುವವರನ್ನು ಆರಿಸಿ ಮಾಡುವುದೇ ನನಗೆ ಹೆಚ್ಚು ಸರಿ ಅನ್ನಿಸುತ್ತದೆ.

ಆರಿಸಲು, ಗಡ್ಡೆ ತೆಗೆದ ಮೇಲೂ ಹೈಡ್ರೋಸೆಫಾಲಸ್ ಉಳಿಯುವ ಅಪಾಯವನ್ನು ಅಳೆಯುವ ಕೆನಡಾದವರ 2009ರ ಸ್ಕೋರ್ ಇದೆ. ಎರಡು ವರ್ಷಕ್ಕಿಂತ ಕಡಿಮೆ ವಯಸ್ಸಿಗೆ 3, ಗಡ್ಡೆ ಮೆದುಳಿನ ಬೇರೆಡೆಗೆ ಹರಡಿದ್ದರೆ 3, ಹೈಡ್ರೋಸೆಫಾಲಸ್ ಮಧ್ಯಮ ಅಥವಾ ತೀವ್ರವಾಗಿದ್ದರೆ 2, ಪ್ಯಾಪಿಲೆಡೀಮಾಗೆ 1, ಸ್ಕ್ಯಾನಿನಲ್ಲಿ ಮೆಡುಲ್ಲೋಬ್ಲಾಸ್ಟೋಮಾ ಅಥವಾ ಎಪೆಂಡೈಮೋಮಾದಂತೆ ಕಂಡರೆ 1. ಒಟ್ಟು 5 ಅಥವಾ ಹೆಚ್ಚಾದರೆ ಅಪಾಯ ಹೆಚ್ಚು. ಆರು ವರ್ಷದ ಹುಡುಗಿ, ಮೆಡುಲ್ಲೋಬ್ಲಾಸ್ಟೋಮಾದಂಥ ಗಡ್ಡೆ, ಪ್ಯಾಪಿಲೆಡೀಮಾ ಇದೆ, ತೀವ್ರ ಹೈಡ್ರೋಸೆಫಾಲಸ್, ಹರಡಿಲ್ಲ ಎಂದುಕೊಳ್ಳಿ: 1+2+1, ಒಟ್ಟು 4. ನೋಡಲು ಗಾಬರಿಯಾಗುವ ಸ್ಕ್ಯಾನ್, ಆದರೂ ಕಡಿಮೆ ಅಪಾಯದ ಗುಂಪು. ಹದಿನೆಂಟು ತಿಂಗಳ ಕೂಸಿಗೆ ಅದೇ ಗಡ್ಡೆ, ಅಷ್ಟೇ ನೀರು, ಜೊತೆಗೆ ಹರಡಿದೆ ಅಂದರೆ ಪ್ಯಾಪಿಲೆಡೀಮಾ ಇಲ್ಲದೆಯೂ 9.

ಇಟಿವಿ ಗೆಲ್ಲುವ ಸಾಧ್ಯತೆಗೆ ಬೇರೆ ಸ್ಕೋರ್ ಇದೆ, ಎರಡನ್ನೂ ಕಲಸಿಕೊಳ್ಳಬೇಡಿ. ವಯಸ್ಸು, ಕಾರಣ, ಹಿಂದೆ ಶಂಟ್ ಇತ್ತೇ ಎಂಬ ಮೂರನ್ನು ಕೂಡಿಸಿದರೆ ಆರು ತಿಂಗಳ ಯಶಸ್ಸಿನ ಅಂದಾಜು ಸಿಗುತ್ತದೆ. ಅದೇ ಆರು ವರ್ಷದವಳಿಗೆ ವಯಸ್ಸಿಗೆ 40, ಗಡ್ಡೆಗೆ 20, ಶಂಟ್ ಇಲ್ಲದ್ದಕ್ಕೆ 10, ಅಂದರೆ ಸುಮಾರು 70%. ಮೂರು ತಿಂಗಳ ಕೂಸಾದರೆ ವಯಸ್ಸಿಗೆ ಬರೀ 10, ಒಟ್ಟು 40%. ಅಪಾಯ ಹೆಚ್ಚಿರುವ ಚಿಕ್ಕ ಕೂಸುಗಳಲ್ಲೇ ಇಟಿವಿ ಕೈಕೊಡುವುದು ಹೆಚ್ಚು. ಈ ವಿಷಯದ ನಿಜವಾದ ಕಗ್ಗಂಟು ಇದು.

ಗಡ್ಡೆ ತೆಗೆದ ಮೇಲೂ ನೀರು ನಿಂತರೆ

ದಾರಿ ತೆರೆದರೂ ಕೆಲವರಲ್ಲಿ ನೀರು ಹೀರಿಕೊಳ್ಳುವುದಿಲ್ಲ. ಆಪರೇಷನ್ನಿನ ರಕ್ತ, ಪ್ರೋಟೀನ್, ಸೋಂಕು, ಹರಡಿದ ಗಡ್ಡೆಯ ಕಣಗಳು ಮೆದುಳಿನ ಹೊರಮೈಯ ಜಾಗವನ್ನು ಅಂಟಿಸಿಬಿಡುತ್ತವೆ. ಇವಿಡಿಯನ್ನು ದಿನದಿನಕ್ಕೆ ಎತ್ತರಿಸಿ, ಕೊನೆಗೆ 24 ಗಂಟೆ ಮುಚ್ಚಿಟ್ಟು ನೋಡುತ್ತಾರೆ. ಕುತ್ತಿಗೆಯ ಹೊಲಿಗೆಯ ಕೆಳಗೆ ಮೆತ್ತಗೆ ಉಬ್ಬು ಬಂದರೆ, ಗಾಯದಿಂದ ನೀರು ಜಿನುಗಿದರೆ, ವಾಂತಿ ಮರಳಿದರೆ ಮಗುವಿಗೆ ಶಾಶ್ವತ ದಾರಿ ಬೇಕು ಎಂದರ್ಥ. ಸ್ಕ್ಯಾನಿನಲ್ಲಿ ವೆಂಟ್ರಿಕಲ್ ಇನ್ನೂ ದೊಡ್ಡದಾಗಿದೆ ಎಂಬುದೊಂದೇ ಕಾರಣ ಸಾಲದು, ಅವು ಕುಗ್ಗಲು ಸಮಯ ತೆಗೆದುಕೊಳ್ಳುತ್ತವೆ. ಮೆಡುಲ್ಲೋಬ್ಲಾಸ್ಟೋಮಾ ಆಪರೇಷನ್ ಆದ ಸುಮಾರು ಕಾಲು ಭಾಗ ಮಕ್ಕಳು ಒಂದೆರಡು ದಿನದಲ್ಲಿ ಮಾತು ನಿಲ್ಲಿಸುತ್ತಾರೆ. ಅದು ಸೆರೆಬೆಲ್ಲರ್ ಮ್ಯೂಟಿಸಂ, ನೀರಿನ ಒತ್ತಡ ಎಂದು ತಪ್ಪು ತಿಳಿಯುವ ಸಾಧ್ಯತೆ ಇದೆ.

ಶಂಟ್ ಬೇಕೇ ಆದರೆ ಹಾಕಲೇಬೇಕು, ಹಿಂಜರಿಯುವಂತಿಲ್ಲ. ಮಕ್ಕಳಲ್ಲಿ ಮೂರರಲ್ಲೊಂದಕ್ಕೂ ಹೆಚ್ಚು ಶಂಟ್‌ಗಳು ಮೊದಲ ವರ್ಷದಲ್ಲೇ ಕೆಡುತ್ತವೆ ಎಂಬುದು ಮನಸ್ಸಿನಲ್ಲಿರಲಿ. ನಮ್ಮ ದೇಶದಲ್ಲಿ ಬಳಕೆಯಲ್ಲಿರುವ ಛಾಬ್ರಾ ಶಂಟ್ ಉತ್ತರ ಪ್ರದೇಶದ ಶಾಹಜಹಾನ್‌ಪುರದ್ದು. ಉಗಾಂಡಾದಲ್ಲಿ ಸರ್ಜನ್ ಬೆಂಜಮಿನ್ ವಾರ್ಫ್ ಅದನ್ನು ಹಲವು ಪಟ್ಟು ದುಬಾರಿಯಾದ ಶಂಟ್ ಜೊತೆ ಹೋಲಿಸಿ, ಒಂದು ವರ್ಷದ ಫಲಿತಾಂಶದಲ್ಲಿ ಗಮನಾರ್ಹ ವ್ಯತ್ಯಾಸವಿಲ್ಲ ಎಂದು 2005ರಲ್ಲಿ ತೋರಿಸಿದರು. ಅಲ್ಲಿದ್ದವರು ಗಡ್ಡೆಯ ಮಕ್ಕಳಲ್ಲ, ನಿಜ. ಆದರೂ ಅಗ್ಗದ ಶಂಟ್ ಎಂದು ಕೊರಗುವ ತಂದೆತಾಯಿಗೆ ಧೈರ್ಯ ಹೇಳಲು ಇದು ಸಾಕು.

ಬೇರೆ ಜಾಗದ ಗಡ್ಡೆಗಳು

ಸಿಲ್ವಿಯಸ್ ನಾಳದ ಹಿಂಬದಿಯ ಟೆಕ್ಟಲ್ ಗ್ಲಯೋಮಾ ಚಿಕ್ಕದು, ನಿಧಾನವಾಗಿ ಬೆಳೆಯುವಂಥದ್ದು. ಸಾಮಾನ್ಯವಾಗಿ ಗಡ್ಡೆಯನ್ನು ಮುಟ್ಟುವುದಿಲ್ಲ, ಇಟಿವಿ ಮಾಡಿ ಎಂಆರ್‌ಐಯಲ್ಲಿ ಗಮನಿಸುತ್ತಾರೆ. ಪೀನಿಯಲ್ ಗ್ರಂಥಿಯ ಭಾಗದ ಗಡ್ಡೆಯಲ್ಲಿ ಇಟಿವಿಯ ಜೊತೆಗೇ ಬಯಾಪ್ಸಿ ತೆಗೆದು, ಸಿಎಸ್‌ಎಫ್‌ನಲ್ಲಿ ಗಡ್ಡೆಯ ಸುಳಿವು ಕೊಡುವ ಎಎಫ್‌ಪಿ, ಬೀಟಾ ಎಚ್‌ಸಿಜಿ ನೋಡಬಹುದು. ಜರ್ಮಿನೋಮಾ ಆದರೆ ಕೀಮೋ, ರೇಡಿಯೇಷನ್‌ಗೆ ಕರಗುತ್ತದೆ. ಟ್ಯೂಬರಸ್ ಸ್ಕ್ಲೀರೋಸಿಸ್ ಎಂಬ ಆನುವಂಶಿಕ ಕಾಯಿಲೆಯಲ್ಲಿ ಬರುವ ಸೀಗಾ ಗಡ್ಡೆ ಮನ್ರೋ ರಂಧ್ರವನ್ನೇ ಮುಚ್ಚುತ್ತದೆ, ತುರ್ತಿಲ್ಲದಿದ್ದರೆ ಎವೆರೋಲಿಮಸ್ ಮಾತ್ರೆಯಿಂದ ಕುಗ್ಗಿಸುವ ದಾರಿಯೂ ಇದೆ. ಸಿಎಸ್‌ಎಫ್ ಉತ್ಪತ್ತಿಯಾಗುವ ಕೊರಾಯ್ಡ್ ಪ್ಲೆಕ್ಸಸ್‌ನ ಗಡ್ಡೆಯಾದ ಪ್ಯಾಪಿಲೋಮಾ ಮಾತ್ರ ನೀರನ್ನು ತಾನೇ ಅತಿಯಾಗಿ ಉತ್ಪತ್ತಿ ಮಾಡುತ್ತದೆ.

ಡಿಸ್ಚಾರ್ಜ್ ದಿನ ತಂದೆತಾಯಿಗೆ ಏನು ಹೇಳಬೇಕು ಎಂಬುದೂ ವೈವಾದಲ್ಲಿ (ಮೌಖಿಕ ಪರೀಕ್ಷೆಯಲ್ಲಿ) ಕೇಳುವ ಪ್ರಶ್ನೆ. ಶಂಟ್ ಇದ್ದ ಮಗುವಿಗೆ ಜ್ವರ, ಕೊಳವೆಯ ಹಾದಿಯಲ್ಲಿ ಕೆಂಪು, ಹೊಟ್ಟೆನೋವು ಬಂದರೆ ಸೋಂಕಿನ ಅನುಮಾನ. ಇಟಿವಿ ಆದ ಮಗುವಿನ ತೂತು ವರ್ಷಗಳ ನಂತರವೂ ಸದ್ದಿಲ್ಲದೆ ಮುಚ್ಚಬಹುದು, ಆಗ ಮಗು ಬಹಳ ಬೇಗ ಕುಸಿಯುತ್ತದೆ. 'ಮೈಯಲ್ಲಿ ಕೊಳವೆ ಇಲ್ಲವಲ್ಲ, ಇನ್ನು ಚಿಂತೆ ಇಲ್ಲ' ಎಂದು ಅವರು ಅಂದುಕೊಳ್ಳದ ಹಾಗೆ, ಬೆಳಗಿನ ತಲೆನೋವು, ವಾಂತಿ, ಮಂಪರು ಮತ್ತೆ ಕಂಡರೆ ಅದೇ ದಿನ ನ್ಯೂರೋಸರ್ಜರಿ ಇರುವ ಆಸ್ಪತ್ರೆಗೆ ಬರಬೇಕೆಂದು ಡಿಸ್ಚಾರ್ಜ್ ಚೀಟಿಯಲ್ಲಿ ಕನ್ನಡದಲ್ಲೇ ಬರೆದುಕೊಡಿ.