ಇಜಿಆರ್ ಬ್ಲಾಕ್ ಮಾಡುವ ಮೊದಲು ಬಿಚ್ಚಿ ನೋಡಿ

ಮಳೆ ಹಿಡಿದು ಹದಿನೈದು ದಿನ ಆಗಿತ್ತು. ಮಂಗಳೂರಿನ ಕದ್ರಿ ಕಡೆಯವರೊಬ್ಬರು ತಮ್ಮ ಡೀಸೆಲ್ ಕಾರನ್ನು ವರ್ಕ್‌ಶಾಪಿಗೆ ತಂದರು. ಬಿಎಸ್4 ಗಾಡಿ (ಬಿಎಸ್ ಅಂದರೆ ಗಾಡಿಯ ಹೊಗೆಗೆ ಸರಕಾರ ಹಾಕಿದ ಮಿತಿ), ಓಡಿದ್ದು 60 ಸಾವಿರ ಕಿಲೋಮೀಟರ್ ಕೂಡ ಇಲ್ಲ. ಪಿಕಪ್ ಇಲ್ಲ, ಪಂಪ್‌ವೆಲ್‌ನಿಂದ ನಂತೂರಿಗೆ ಹತ್ತುವಾಗ ಹಿಂದಿನಿಂದ ಕಪ್ಪು ಹೊಗೆ, ಮೀಟರಿನಲ್ಲಿ ಚೆಕ್ ಎಂಜಿನ್ ಲೈಟ್. ರೋಗದ ಜೊತೆ ಮದ್ದನ್ನೂ ಅವರೇ ಹೇಳಿದರು: "ಇಜಿಆರ್ ಅಂತೆ ಮಾರಾಯ್ರೆ. ಬ್ಲಾಕ್ ಮಾಡಿಬಿಡಿ. ಎಲ್ಲರೂ ಹಾಗೇ ಮಾಡ್ತಾರಂತೆ."

ವಾರಕ್ಕೆ ಒಮ್ಮೆಯಾದರೂ ಈ ಮಾತು ಕೇಳುತ್ತೇನೆ. ಅದಕ್ಕೇ ಈ ಸಲ ಇಜಿಆರ್ ಬಗ್ಗೆಯೇ ಬರೆಯುತ್ತಿದ್ದೇನೆ. ಇಜಿಆರ್ ಅಂದರೆ ಎಕ್ಸಾಸ್ಟ್ ಗ್ಯಾಸ್ ರೀಸರ್ಕ್ಯುಲೇಶನ್, ಹೊಗೆಯ ಒಂದು ಪಾಲನ್ನು ಮತ್ತೆ ಎಂಜಿನ್ ಒಳಗೆ ಕಳಿಸುವ ವ್ಯವಸ್ಥೆ. ಬ್ಲಾಕ್ ಮಾಡುವುದು ಅಂದರೆ ಆ ದಾರಿಗೆ ತಗಡಿನ ಪ್ಲೇಟ್ ಹಾಕಿ ಮುಚ್ಚಿಬಿಡುವುದು.

ನಮ್ಮ ಕಡೆಯ ಹಳೇ ಮನೆಗಳ ಬಚ್ಚಲೊಲೆ ನೋಡಿದ್ದೀರಲ್ವಾ? ರಾತ್ರಿ ಕೆಂಡದ ಮೇಲೆ ಬೂದಿ ಮುಚ್ಚುತ್ತಾರೆ. ಬೂದಿ ಅಂದರೆ ಒಮ್ಮೆ ಉರಿದು ಮುಗಿದದ್ದು, ಮತ್ತೆ ಉರಿಯುವುದಿಲ್ಲ. ಕೆಂಡಕ್ಕೆ ಗಾಳಿ ಜಾಸ್ತಿ ಸಿಗದ ಹಾಗೆ ಮಾಡುತ್ತದೆ, ಅಷ್ಟೇ. ಬೆಂಕಿ ಆರುವುದೂ ಇಲ್ಲ, ಧಗಧಗ ಉರಿಯುವುದೂ ಇಲ್ಲ. ಇಜಿಆರ್ ಎಂಜಿನ್‌ ಒಳಗೆ ಮಾಡುವ ಕೆಲಸ ಇದೇ. ಸಿಲಿಂಡರಿನಿಂದ ಹೊರಬಂದ ಹೊಗೆಯಲ್ಲಿ ಒಂದು ಪಾಲನ್ನು ಸೈಲೆನ್ಸರಿಗೆ ಬಿಡದೆ ತಿರುಗಿಸಿ, ಎಂಜಿನ್‌ಗೆ ಗಾಳಿ ಹೋಗುವ ದಾರಿಗೆ ಸೇರಿಸುತ್ತದೆ. ಆ ಹೊಗೆಯಲ್ಲಿ ಆಮ್ಲಜನಕ ಕಡಿಮೆ. ಇಂಗಾಲದ ಡೈಆಕ್ಸೈಡ್ ಮತ್ತು ನೀರಿನ ಆವಿ ಜಾಸ್ತಿ. ಇವೆರಡೂ ಬಿಸಿಯನ್ನು ಚೆನ್ನಾಗಿ ಹೀರುತ್ತವೆ. ಹಾಗಾಗಿ ಸಿಲಿಂಡರಿನ ಉರಿ ಮಿತಿ ಮೀರುವುದಿಲ್ಲ.

ಉರಿ ತಗ್ಗಿಸುವುದು ಯಾಕೆ? ನಾವು ಉಸಿರಾಡುವ ಗಾಳಿಯಲ್ಲಿ 78 ಶೇಕಡಾ ನೈಟ್ರೋಜನ್. ಅದು ಸಾಮಾನ್ಯವಾಗಿ ಯಾರ ತಂಟೆಗೂ ಹೋಗುವುದಿಲ್ಲ. ಆದರೆ ಸಿಲಿಂಡರಿನ ಬಿಸಿ ಸುಮಾರು 1,400 ಡಿಗ್ರಿ ದಾಟಿದರೆ ಅದೇ ನೈಟ್ರೋಜನ್ ಆಮ್ಲಜನಕದ ಜೊತೆ ಸೇರಿ ನೈಟ್ರೋಜನ್ ಆಕ್ಸೈಡ್ ಆಗುತ್ತದೆ. ನಾವು ಅದನ್ನು ನಾಕ್ಸ್ ಅನ್ನುತ್ತೇವೆ. ಶ್ವಾಸಕೋಶಕ್ಕೆ ಕೆಟ್ಟದ್ದು, ಉಬ್ಬಸ ಇದ್ದವರಿಗಂತೂ ತುಂಬಾ ತೊಂದರೆ. ಬಿಸಿಲಿಗೆ ಸಿಕ್ಕಿದರೆ ಅದರಿಂದ ಓಝೋನ್ ಹುಟ್ಟುತ್ತದೆ, ಅದೂ ನಾವು ಉಸಿರಾಡುವ ಎತ್ತರದಲ್ಲೇ. ಬಿಎಸ್4 ಡೀಸೆಲ್ ಕಾರು ಕಿಲೋಮೀಟರಿಗೆ 0.25 ಗ್ರಾಂ ನಾಕ್ಸ್ ಬಿಡಬಹುದಿತ್ತು. 2020ರ ಏಪ್ರಿಲ್ 1ರಿಂದ ಬಂದ ಬಿಎಸ್6ರಲ್ಲಿ ಅದು 0.08 ಗ್ರಾಂಗೆ ಇಳಿಯಿತು.

ಇಜಿಆರ್ ದಾರಿಯ ಬಾಗಿಲು, ಅಂದರೆ ವಾಲ್ವ್, ಯಾವಾಗಲೂ ತೆರೆದಿರುವುದಿಲ್ಲ. ಎಂಜಿನ್ ತಣ್ಣಗಿರುವಾಗ ಸಾಮಾನ್ಯವಾಗಿ ಮುಚ್ಚಿರುತ್ತದೆ. ಶಿರಾಡಿ ಘಾಟಿಯಲ್ಲಿ ಆಕ್ಸಿಲರೇಟರ್ ಪೂರ್ತಿ ಒತ್ತಿದರೆ ಆಗಲೂ ಮುಚ್ಚುತ್ತದೆ, ಯಾಕೆಂದರೆ ಆಗ ಎಂಜಿನ್‌ಗೆ ಇದ್ದಷ್ಟೂ ಶುದ್ಧ ಗಾಳಿ ಬೇಕು. ಹೆದ್ದಾರಿಯಲ್ಲಿ ಒಂದೇ ಹದದಲ್ಲಿ ಹೋಗುವಾಗ, ಅರ್ಧಂಬರ್ಧ ಲೋಡಿನಲ್ಲಿ, ತೆರೆದುಕೊಳ್ಳುತ್ತದೆ. ಹಳೇ ಗಾಡಿಗಳಲ್ಲಿ ವಾಲ್ವನ್ನು ವ್ಯಾಕ್ಯೂಮ್ ಎತ್ತುತ್ತಿತ್ತು. ಈಗ ಅದರೊಳಗೇ ಒಂದು ಸಣ್ಣ ಮೋಟಾರ್, ಎಷ್ಟು ತೆರೆದಿದೆ ಅಂತ ಹೇಳುವ ಸೆನ್ಸರ್ ಇರುತ್ತವೆ. ಎರಡನ್ನೂ ಆಳುವುದು ಇಸಿಯು, ಅಂದರೆ ಎಂಜಿನಿನ ಕಂಪ್ಯೂಟರ್.

ತೊಂದರೆ ಬರುವುದು ಮಸಿಯಿಂದ. ಡೀಸೆಲ್ ಹೊಗೆಯಲ್ಲಿ ಮಸಿ ಇದ್ದೇ ಇರುತ್ತದೆ. ಎಂಜಿನ್ ಒಳಗಿನ ಆವಿ ಹೊರಬರುವ ಬ್ರೀದರ್ ಪೈಪಿನಿಂದ ಎಣ್ಣೆಯ ಆವಿಯೂ ಗಾಳಿಯ ದಾರಿಗೆ ಬಂದು ಸೇರುತ್ತದೆ. ಒಣ ಮಸಿ ಒಂದೇ ಇದ್ದರೆ ಉದುರಬಹುದು. ಎಣ್ಣೆಯ ಜೊತೆ ಕಲೆತರೆ ಜೋನಿಬೆಲ್ಲದ ಹಾಗೆ ಅಂಟುತ್ತದೆ, ಆಮೇಲೆ ಗಟ್ಟಿಯಾಗುತ್ತದೆ. ದಿನಾ ನಾಲ್ಕೇ ಕಿಲೋಮೀಟರ್ ಓಡುವ ಗಾಡಿಯಲ್ಲಿ ಇದು ಇನ್ನೂ ಜಾಸ್ತಿ. ಎಂಜಿನ್ ಬಿಸಿಯಾಗುವುದರೊಳಗೆ ಆಫೀಸ್ ಬಂದಿರುತ್ತದೆ, ಪೈಪಿನ ಗೋಡೆ ತಣ್ಣಗೇ ಉಳಿಯುತ್ತದೆ, ಆವಿ ಅಲ್ಲೇ ನೀರಾಗಿ ಮಸಿಯನ್ನು ಹಿಡಿದಿಡುತ್ತದೆ. ಕದ್ರಿಯವರ ಕಾರು ಹೋಗುತ್ತಿದ್ದದ್ದು ಮನೆಯಿಂದ ಹಂಪನಕಟ್ಟೆ, ಹಂಪನಕಟ್ಟೆಯಿಂದ ಮನೆ.

ಸ್ಪ್ಯಾನರ್ ಹಿಡಿಯುವ ಮೊದಲು ಸ್ಕ್ಯಾನರ್ ಹಾಕಿದೆ. ಕೋಡ್ ಪಿ0401. ಇಜಿಆರ್‌ನಲ್ಲಿ ಸಾಕಷ್ಟು ಹರಿವಿಲ್ಲ ಅಂತ ಅರ್ಥ. ತುಂಬಾ ಜನ ಇಲ್ಲೇ ನಿಲ್ಲಿಸಿ, ವಾಲ್ವ್ ಹೋಯಿತು ಅಂತ ಹೇಳಿಬಿಡುತ್ತಾರೆ. ಕೋಡ್ ಹೇಳುವುದು ಹರಿವಿನ ಕತೆ, ವಾಲ್ವ್ ಸತ್ತಿದೆ ಅಂತ ಅಲ್ಲ. ಸ್ಕ್ಯಾನರಿನಿಂದಲೇ ವಾಲ್ವ್ ತೆರೆಯಲು ಹೇಳಿದೆ. ಸೆನ್ಸರ್ ಪ್ರಕಾರ ಅದು ತೆರೆಯಿತು. ಆದರೆ ಒಳಗೆ ಬರುವ ಗಾಳಿಯ ಅಳತೆ ಕದಲಲಿಲ್ಲ. ಹೊಗೆ ಒಳಗೆ ಬಂದರೆ ಶುದ್ಧ ಗಾಳಿ ಅಷ್ಟು ಕಡಿಮೆ ಆಗಲೇಬೇಕು. ಆಗಲಿಲ್ಲ ಅಂದರೆ ವಾಲ್ವಿಗೆ ಜೀವ ಇದೆ, ದಾರಿ ಕಟ್ಟಿದೆ. ಹಳೇ ವ್ಯಾಕ್ಯೂಮ್ ವಾಲ್ವ್ ಆದರೆ ಕೈ ಪಂಪಿನಿಂದ ಎಳೆದು ನೋಡಬಹುದು. ಐಡಲ್‌ನಲ್ಲಿ ಎಂಜಿನ್ ತಡವರಿಸಬೇಕು ಅಥವಾ ಆಫ್ ಆಗಬೇಕು. ಏನೂ ಆಗದಿದ್ದರೆ ಅಲ್ಲೂ ಇದೇ ಕತೆ.

ಇಲ್ಲಿ ಇನ್ನೊಂದು ಪ್ರಶ್ನೆ ಎದ್ದಿತು. ಇಜಿಆರ್ ದಾರಿ ಕಟ್ಟಿದೆ ಅಂದರೆ ಹೊಗೆ ಒಳಗೆ ಹೋಗುತ್ತಲೇ ಇಲ್ಲ. ಹಾಗಾದರೆ ಆ ಕಪ್ಪು ಹೊಗೆ ಇಜಿಆರ್‌ನಿಂದ ಬಂದದ್ದಲ್ಲ. ವಾಲ್ವ್ ತೆರೆದೇ ಸಿಕ್ಕಿಹಾಕಿಕೊಂಡರೆ ಕಪ್ಪು ಹೊಗೆ, ಐಡಲ್‌ನಲ್ಲಿ ನಡುಕ ಬರುತ್ತದೆ, ನಿಜ. ಇದು ಅದಲ್ಲ. ಗಾಳಿಯನ್ನು ಒತ್ತಿ ತುಂಬುವ ಟರ್ಬೋದಿಂದ, ಆ ಗಾಳಿಯನ್ನು ತಣಿಸುವ ಇಂಟರ್‌ಕೂಲರಿಗೆ ಹೋಗುವ ರಬ್ಬರ್ ಹೋಸನ್ನು ಬಗ್ಗಿಸಿ ನೋಡಿದೆ. ಕ್ಲಾಂಪಿನ ಹತ್ತಿರ, ಕೆಳಗಿನ ಮಗ್ಗುಲಿನಲ್ಲಿ, ಬೆರಳುದ್ದದ ಸೀಳು. ಸುತ್ತ ಎಣ್ಣೆ ಜಿಡ್ಡು. ಎಂಜಿನ್ ಜೋರಾಗಿ ಎಳೆಯುವಾಗ ಮಾತ್ರ ಆ ಸೀಳು ಬಾಯಿ ಬಿಡುತ್ತಿತ್ತು. ಅಳೆದ ಗಾಳಿ ಹೊರಗೆ ಹೋಗುತ್ತಿತ್ತು, ಡೀಸೆಲ್ ಮಾತ್ರ ಪೂರ್ತಿ ಬೀಳುತ್ತಿತ್ತು. ಹೊಗೆಗೆ ಕಾರಣ ಇದು. ಇಜಿಆರ್ ಕಟ್ಟಲು ಮುಖ್ಯ ಕಾರಣ ದಿನಾ ಮಾಡುವ ಆ ಸಣ್ಣ ಓಡಾಟ. ಅವರು ಹೇಳಿದ ಹಾಗೆ ಬ್ಲಾಕ್ ಮಾಡಿದ್ದರೆ ನಂತೂರು ಏರಿನ ಹೊಗೆ ಹಾಗೇ ಇರುತ್ತಿತ್ತು.

ಇನ್ನು ಕ್ಲೀನಿಂಗ್. ಎಂಜಿನ್ ಪೂರ್ತಿ ತಣಿಯಬೇಕು, ಬ್ಯಾಟರಿಯ ನೆಗೆಟಿವ್ ತೆಗೆಯಬೇಕು. ಬೋಲ್ಟುಗಳು ಬಿಸಿ ತಿಂದು ಕಚ್ಚಿಕೊಂಡಿರುತ್ತವೆ. ನಮ್ಮ ಉಪ್ಪುಗಾಳಿಯಲ್ಲಿ ತುಕ್ಕು ಬೇರೆ. ಹಿಂದಿನ ರಾತ್ರಿಯೇ ತುಕ್ಕು ಬಿಡಿಸುವ ಎಣ್ಣೆ ಬಿಟ್ಟಿರುತ್ತೇನೆ. ಅವಸರ ಮಾಡಿದರೆ ಬೋಲ್ಟ್ ಮುರಿಯುತ್ತದೆ, ಅರ್ಧ ದಿನದ ಕೆಲಸ ಎರಡು ದಿನ ಆಗುತ್ತದೆ. ಆ ಕಾರಿನ ಪೈಪಿನ ಬಾಯಿಯಲ್ಲಿ ಕಿರುಬೆರಳು ಕೂಡ ಹೋಗುತ್ತಿರಲಿಲ್ಲ. ಮರದ ಕಡ್ಡಿಯಿಂದ ಕೆರೆದರೆ ಒಲೆಯ ಮೇಲಿನ ಇಲ್ಲಣದ ಹಾಗೆ ಪದರ ಪದರವಾಗಿ ಬಂತು. ಸ್ಕ್ರೂಡ್ರೈವರ್ ಹಾಕುವುದಿಲ್ಲ, ವಾಲ್ವ್ ಕೂರುವ ಜಾಗಕ್ಕೆ ಗೀರು ಬಿದ್ದರೆ ಮತ್ತೆ ಸರಿಯಾಗಿ ಮುಚ್ಚುವುದಿಲ್ಲ. ಕ್ಲೀನರ್ ಸ್ಪ್ರೇ, ಮೆತ್ತಗಿನ ಬ್ರಷ್, ತಾಳ್ಮೆ, ಇಷ್ಟು ಸಾಕು. ವಾಲ್ವನ್ನು ಇಡೀ ಬಕೆಟಿನಲ್ಲಿ ಮುಳುಗಿಸುವವರಿದ್ದಾರೆ. ದಯವಿಟ್ಟು ಬೇಡ, ದ್ರಾವಣ ಮೋಟಾರಿನ ಒಳಗೆ ಹೋಗುತ್ತದೆ. ಕೆರೆದ ಮಸಿ ಎಂಜಿನ್ ಕಡೆಗೆ ಬೀಳದ ಹಾಗೆ ಸಿಲಿಂಡರುಗಳಿಗೆ ಗಾಳಿ ಹಂಚುವ ಮ್ಯಾನಿಫೋಲ್ಡಿನ ಬಾಯಿಗೆ ಬಟ್ಟೆ ಇಡುತ್ತೇನೆ. ಮ್ಯಾನಿಫೋಲ್ಡಿನಲ್ಲೂ ಮಸಿ ದಪ್ಪ ಇದ್ದರೆ ಅದನ್ನೂ ಬಿಚ್ಚಲೇಬೇಕು. ಗ್ಯಾಸ್ಕೆಟ್ ಪ್ರತಿ ಸಲ ಹೊಸದು. ಜೋಡಿಸಿದ ಮೇಲೆ ಸ್ಕ್ಯಾನರಿನಿಂದ ವಾಲ್ವಿನ ಮುಚ್ಚಿದ ಸ್ಥಾನವನ್ನು ಇಸಿಯುಗೆ ಹೊಸದಾಗಿ ಕಲಿಸಬೇಕು. ಇಲ್ಲದಿದ್ದರೆ ಅದು ಹಳೇ ಮಸಿಯ ಲೆಕ್ಕದಲ್ಲೇ ನಡೆಯುತ್ತದೆ.

ಕರಾವಳಿಯಲ್ಲಿ ಇನ್ನೂ ಒಂದು ಜಾಗ ನೋಡಬೇಕು. ವಾಲ್ವಿನ ಕನೆಕ್ಟರ್. ಮಲ್ಪೆ ಬಂದರಿನ ಹತ್ತಿರ ದಿನಾ ನಿಲ್ಲುವ ಒಂದು ಪಿಕಪ್ ಗಾಡಿಗೆ ಬೇರೆಲ್ಲೋ ಹೊಸ ವಾಲ್ವ್ ಹಾಕಿದ್ದರು, ಲೈಟ್ ಹೋಗಿರಲಿಲ್ಲ. ಕನೆಕ್ಟರ್ ಎಳೆದು ನೋಡಿದರೆ ಒಂದು ಪಿನ್ ಹಸಿರು ಹಿಡಿದಿತ್ತು. ಆ ಪಿನ್ ಬದಲಾಯಿಸಿದ ಮೇಲೆ ಲೈಟ್ ಮತ್ತೆ ಬರಲಿಲ್ಲ.

ಕೂಲರ್ ವಿಷಯದಲ್ಲಿ ಮಾತ್ರ ಉದಾಸೀನ ಬೇಡ. ಬಿಸಿ ಹೊಗೆಯನ್ನು ಒಳಗೆ ಬಿಡುವ ಮೊದಲು ತಣಿಸಲು ಕೂಲಂಟ್ ಹರಿಯುವ ಒಂದು ಕೂಲರ್ ಇರುತ್ತದೆ. ಅದು ಒಳಗೇ ಸೀಳಿದರೆ ಕೂಲಂಟ್ ಎಂಜಿನ್ ಒಳಗೆ ಹೋಗುತ್ತದೆ. ನೆಲದ ಮೇಲೆ ಒಂದು ಹನಿಯೂ ಬೀಳುವುದಿಲ್ಲ. ಒಬ್ಬ ಟ್ಯಾಕ್ಸಿಯವರು ಎರಡು ತಿಂಗಳು ದಿನಾ ಬಾಟಲಿಯಿಂದ ನೀರು ಹಾಕಿಕೊಂಡೇ ಘಾಟಿ ಹತ್ತುತ್ತಿದ್ದರು. ಎಂಜಿನ್ ಬಿಸಿಯಾದ ಮೇಲೂ ಬಿಳಿ ಹೊಗೆ ನಿಲ್ಲದೆ ಬಂದರೆ, ಎಲ್ಲೂ ಸೋರದೆ ಕೂಲಂಟ್ ಇಳಿಯುತ್ತಿದ್ದರೆ, ಮೊದಲು ಕೂಲರನ್ನು ಪ್ರೆಶರ್ ಹಾಕಿ ಪರೀಕ್ಷಿಸಿ. ಹೆಡ್ ಗ್ಯಾಸ್ಕೆಟ್ ಅಂತ ಹೆಡ್ ಬಿಚ್ಚಿಸಿ, ಆಮೇಲೆ ಕೂಲರ್ ಕೆಟ್ಟದ್ದು ಗೊತ್ತಾದವರನ್ನು ನೋಡಿದ್ದೇನೆ.

ಬ್ಲಾಕ್ ಮಾಡಿಸಿದವರು ಹೇಳುವ ಒಂದು ಮಾತಿದೆ: ನಮ್ಮ ಗಾಡಿ ಎಮಿಷನ್ ಟೆಸ್ಟ್ ಪಾಸಾಗಿದೆ. ಪಾಸಾಗುತ್ತದೆ. ಡೀಸೆಲ್ ಗಾಡಿಗೆ ಪಿಯುಸಿಯಲ್ಲಿ ನೋಡುವುದು ಹೊಗೆ ಎಷ್ಟು ದಟ್ಟ ಇದೆ ಅನ್ನುವುದನ್ನು. ನಾಕ್ಸ್ ಅಳೆಯುವುದೇ ಇಲ್ಲ. ಹೊರಟ ಜಾಗದಲ್ಲಿ ಅದಕ್ಕೆ ಬಣ್ಣವೂ ಇರುವುದಿಲ್ಲ. ತಗಡಿನ ಪ್ಲೇಟ್ ಹಾಕಿದ ಗಾಡಿಯಿಂದ ಅದು ಜಾಸ್ತಿ ಬರುತ್ತಲೇ ಇರುತ್ತದೆ, ಬಸ್ ಸ್ಟಾಪಿನಲ್ಲಿ ನಿಂತ ಮಕ್ಕಳ ಮೂಗಿನ ಎತ್ತರಕ್ಕೆ. ನನಗೆ ಇದು ಸಣ್ಣ ವಿಷಯ ಅನ್ನಿಸುವುದಿಲ್ಲ, ಹಾಗಾಗಿ ನಾನು ಆ ಪ್ಲೇಟ್ ಹಾಕುವುದಿಲ್ಲ. ಬಿಎಸ್6 ಗಾಡಿಯಲ್ಲಿ ಗಾಡಿಯೇ ಒಪ್ಪುವುದಿಲ್ಲ. ಇಸಿಯು ಅದನ್ನು ಹಿಡಿಯುತ್ತದೆ, ಲೈಟ್ ಬರುತ್ತದೆ, ಎಷ್ಟೋ ಗಾಡಿಗಳಲ್ಲಿ ಎಂಜಿನಿನ ಬಲವನ್ನೂ ತಗ್ಗಿಸಿಬಿಡುತ್ತದೆ.

ಸಿಟಿಯಲ್ಲೇ ಓಡಿಸುವವರು ವಾರಕ್ಕೊಮ್ಮೆ ಅರ್ಧ ಗಂಟೆ ಹೆದ್ದಾರಿಗೆ ಹೋಗಿ ಬನ್ನಿ. ಮೂಲ್ಕಿ ತನಕ ಸಾಕು. ಆಗಲೇ ಗಟ್ಟಿಯಾದ ಮಸಿ ಇದರಿಂದ ಹೋಗುವುದಿಲ್ಲ, ಹೊಸದು ಕಟ್ಟುವುದು ನಿಧಾನವಾಗುತ್ತದೆ. ಕಂಪೆನಿ ಹೇಳಿದ ಗ್ರೇಡಿನ ಆಯಿಲ್ ಹಾಕಿ, ಏರ್ ಫಿಲ್ಟರ್ ಸಮಯಕ್ಕೆ ಬದಲಾಯಿಸಿ. ಮೀಟರಿನಲ್ಲಿ ಟೆಂಪರೇಚರ್ ಮುಳ್ಳು ಯಾವಾಗಲೂ ಕೆಳಗೇ ಇದ್ದರೆ ಥರ್ಮೋಸ್ಟಾಟ್ ತೋರಿಸಿ. ಎಂಜಿನ್ ಬಿಸಿಯಾಗದಿದ್ದರೆ ಮಸಿ ಬೇಗ ಕಟ್ಟುತ್ತದೆ.

ಕದ್ರಿಯವರ ಕಾರಿಗೆ ಹೊಸ ಹೋಸ್ ಹಾಕಿ, ಹಳೇ ವಾಲ್ವನ್ನೇ ಕ್ಲೀನ್ ಮಾಡಿ ಜೋಡಿಸಿದೆವು. ಮತ್ತೆ ಸ್ಕ್ಯಾನರಿನಿಂದ ವಾಲ್ವ್ ತೆರೆದೆ. ಈ ಸಲ ಗಾಳಿಯ ಅಳತೆ ತಟ್ಟನೆ ಇಳಿಯಿತು, ಮುಚ್ಚಿದ ಕೂಡಲೇ ಏರಿತು. ಅವರನ್ನು ಪಕ್ಕದಲ್ಲಿ ಕೂರಿಸಿಕೊಂಡು ಪಂಪ್‌ವೆಲ್‌ನಿಂದ ನಂತೂರಿಗೆ ಥರ್ಡ್ ಗೇರಿನಲ್ಲಿ ಹತ್ತಿಸಿದೆ. ಅವರು ದಾರಿಯುದ್ದಕ್ಕೂ ಹಿಂದೆ ತಿರುಗಿಯೇ ನೋಡುತ್ತಿದ್ದರು. ವಾಪಸ್ ಬಂದ ಮೇಲೆ ಸೀಳಿದ ಹೋಸನ್ನು ಅವರ ಕೈಗೆ ಕೊಟ್ಟೆ.