ನೆಟ್‌ಮಾಸ್ಕ್: ಗೇಟ್‌ವೇ ಸರಿಯಿದ್ದರೂ ಕರ್ನೆಲ್ ಯಾಕೆ ಒಪ್ಪುವುದಿಲ್ಲ?

ಶಿರಸಿ ಕಡೆ ಮಳೆಗಾಲದ ಸಿಡಿಲಿಗೆ ರೂಟರ್ ಸುಟ್ಟುಹೋಗುವುದು ಮಾಮೂಲು. ಪೇಟೆಯಿಂದ ಹೊಸದು ತಂದು ಹಾಕುತ್ತೇವೆ. ಮೊಬೈಲಿಗೆ ಇಂಟರ್ನೆಟ್ ಬರುತ್ತದೆ, ಅಂಗಡಿಯ ಲಿನಕ್ಸ್ ಕಂಪ್ಯೂಟರಿಗೆ ಬರುವುದಿಲ್ಲ. ಹೊಸ ಗೇಟ್‌ವೇ, ಅಂದರೆ ಹೊರಗೆ ಹೋಗಲು ದಾರಿ ಕೊಡುವ ರೂಟರಿನ ವಿಳಾಸ, ಕೊಡಲು ಹೋದರೆ ಲಿನಕ್ಸಿನ ತಿರುಳಾದ ಕರ್ನೆಲ್ 'ನೆಕ್ಸ್ಟ್‌ಹಾಪ್ ಹ್ಯಾಸ್ ಇನ್‌ವ್ಯಾಲಿಡ್ ಗೇಟ್‌ವೇ' (ಗೇಟ್‌ವೇ ಸರಿಯಿಲ್ಲ) ಎನ್ನುತ್ತದೆ. ಹಳೆಯ ಕರ್ನೆಲ್ ಆದರೆ 'ನೆಟ್‌ವರ್ಕ್ ಈಸ್ ಅನ್‌ರೀಚಬಲ್'. ಇದನ್ನು ಓದಿ ಎಷ್ಟೋ ಜನ ಗೇಟ್‌ವೇಯನ್ನೇ ಮತ್ತೆ ಮತ್ತೆ ತಿದ್ದುತ್ತಾರೆ. ನೋಡಬೇಕಾದದ್ದು ಕಂಪ್ಯೂಟರಿನ ಸ್ವಂತ ವಿಳಾಸ ಮತ್ತು ಅದರ ನೆಟ್‌ಮಾಸ್ಕ್.

ಇಲ್ಲಿ ಬಳಸುವ ಐಪಿವಿ4 ಬಗೆಯ ಐಪಿ ವಿಳಾಸದಲ್ಲಿ 32 ಬಿಟ್ ಇರುತ್ತವೆ. ಅದರಲ್ಲಿ ಎಷ್ಟು ಇಡೀ ನೆಟ್‌ವರ್ಕಿನದು, ಎಷ್ಟು ಆ ಒಂದು ಯಂತ್ರದ್ದು ಎಂದು ನೆಟ್‌ಮಾಸ್ಕ್ ಹೇಳುತ್ತದೆ. 255.255.255.0 ಎಂದರೆ ಮೊದಲ 24 ಬಿಟ್ ನೆಟ್‌ವರ್ಕಿಗೆ, ಚಿಕ್ಕದಾಗಿ /24. ಕಂಪ್ಯೂಟರಿಗೆ 192.168.1.25/24 ಕೊಟ್ಟಿದ್ದರೆ, 192.168.1 ಎಂದು ಶುರುವಾಗುವ ವಿಳಾಸಗಳೆಲ್ಲ ಅದರ ಕೂಗಳತೆಯಲ್ಲಿವೆ. ಅವನ್ನು ಕರ್ನೆಲ್ ನೇರವಾಗಿ ಕೂಗಿ ಕರೆಯುತ್ತದೆ. ಆ ಕೂಗಿನ ಹೆಸರೇ ಎಆರ್‌ಪಿ. ಉಳಿದವರಿಗೆಲ್ಲ ಗೇಟ್‌ವೇ ಮೂಲಕ ಹೋಗಬೇಕು. ಹಾಗಾದರೆ ಗೇಟ್‌ವೇ ಮಾತ್ರ ಕೂಗಳತೆಯಲ್ಲಿ ಇರಲೇಬೇಕು, ಅಲ್ವಾ? ಇಲ್ಲದಿದ್ದರೆ ಕರ್ನೆಲ್ ಸುಮ್ನೆ ಒಪ್ಪುವುದಿಲ್ಲ.

ಸುಟ್ಟುಹೋದ ರೂಟರ್ 192.168.1.1 ಆಗಿತ್ತು, ಹೊಸದು 192.168.0.1 ಎಂದುಕೊಳ್ಳಿ. ಮೊಬೈಲ್ ಡಿಎಚ್‌ಸಿಪಿಯಿಂದ, ಅಂದರೆ ರೂಟರ್ ತಾನಾಗಿ ವಿಳಾಸ ಹಂಚುವ ವ್ಯವಸ್ಥೆಯಿಂದ, ಹೊಸ ವಿಳಾಸ ಪಡೆಯಿತು. ಕಂಪ್ಯೂಟರಿನಲ್ಲಿ ಕೈಯಾರೆ ಬರೆದಿಟ್ಟ 192.168.1.25/24 ಹಾಗೇ ಉಳಿಯಿತು, ಹಾಗಾಗಿ ಹೊಸ ರೂಟರ್ ಅದರ ಕೂಗಳತೆಯಲ್ಲಿಲ್ಲ.

ಕೆಲವರು ಇಲ್ಲಿ ಮಾಸ್ಕನ್ನು /23 ಮಾಡುತ್ತಾರೆ. ಆಗ 192.168.0 ಮತ್ತು 192.168.1 ಎರಡೂ ಒಂದೇ ನೆಟ್‌ವರ್ಕ್ ಆಗಿ ಕರ್ನೆಲ್ ಗೇಟ್‌ವೇಯನ್ನು ಒಪ್ಪುತ್ತದೆ. ಆದರೂ ಪಿಂಗ್‌ಗೆ, ಅಂದರೆ 'ಇದ್ದೀಯಾ' ಎಂದು ರೂಟರನ್ನು ಕೇಳುವ ಕಮಾಂಡಿಗೆ, ಉತ್ತರ ಬರುವುದಿಲ್ಲ. ರೂಟರಿನ ಮಾಸ್ಕ್ ಇನ್ನೂ /24. ಅದರ ಲೆಕ್ಕದಲ್ಲಿ 192.168.1.25 ಹೊರಗಿನವನು. ಇದು ಮೊದಲಿನದಕ್ಕಿಂತ ಕೆಟ್ಟ ತಪ್ಪು, ಯಾಕೆಂದರೆ ಈಗ ಎರರ್ ಕೂಡ ಕಾಣುವುದಿಲ್ಲ.

ಇನ್ನೊಂದು ತಪ್ಪೂ ಆಗುತ್ತದೆ. 'ಐಪಿ ಅಡ್ರೆಸ್ ಆಡ್' ಕಮಾಂಡಿನಲ್ಲಿ ವಿಳಾಸದ ಮುಂದೆ /24 ಬರೆಯಲು ಮರೆತರೆ ಅದು /32 ಎಂದು ದಾಖಲಾಗುತ್ತದೆ. ಎಲ್ಲ 32 ಬಿಟ್ ನೆಟ್‌ವರ್ಕಿಗೇ ಹೋದ ಮೇಲೆ ಆ ಯಂತ್ರಕ್ಕೆ ನೆರೆಯವರೇ ಇಲ್ಲ. ಗೇಟ್‌ವೇ ಪೂರ್ತಿ ಸರಿಯಿದ್ದರೂ ಅದೇ ಎರರ್.

ಪತ್ತೆ ಹಚ್ಚಲು 'ಐಪಿ ರೂಟ್ ಗೆಟ್' ಬಳಸಿ, ಮುಂದೆ ರೂಟರಿನ ವಿಳಾಸ ಕೊಡಿ. ಉತ್ತರದಲ್ಲಿ 'ವಯಾ' ಇಲ್ಲದೆ ನಿಮ್ಮ ಲ್ಯಾನ್ ಕಾರ್ಡಿನ ಹೆಸರು ಬಂದರೆ ಕರ್ನೆಲ್ ಅದನ್ನು ನೆರೆಯೆಂದು ಒಪ್ಪಿದೆ. 'ವಯಾ' ಇದ್ದರೆ, ಅಥವಾ ದಾರಿಯೇ ಇಲ್ಲ ಎಂದರೆ, ವಿಳಾಸ ಮತ್ತು ಮಾಸ್ಕ್ ನೋಡಿ.

ಅಂಗಡಿಯಲ್ಲಿ ಪ್ರಿಂಟರ್, ಕ್ಯಾಮೆರಾಗಳಿಗೂ ಹಳೆಯ ವಿಳಾಸವನ್ನೇ ಕೈಯಾರೆ ಕೊಟ್ಟಿದ್ದರೆ, ಒಂದೊಂದನ್ನೇ ತಿದ್ದುತ್ತಾ ಕೂರಬೇಡಿ. ಹೊಸ ರೂಟರಿನ ಲ್ಯಾನ್ ವಿಳಾಸವನ್ನೇ 192.168.1.1 ಮಾಡಿ, ಮೊಬೈಲನ್ನು ಒಮ್ಮೆ ವೈಫೈಯಿಂದ ಬಿಡಿಸಿ ಮತ್ತೆ ಸೇರಿಸಿ.