‘ಮಾತಾಡ್ಸಾಕ ಹೋಗೂದು’ ಅಂದ್ರೆ ಎಲ್ಲಿಗೆ ಹೋಗೋದು?

ಓದುಗರ ಪ್ರಶ್ನೆ: ಮೈಸೂರು ಕಡೆಯಿಂದ ಬಾಗಲಕೋಟೆಗೆ ಸೊಸೆಯಾಗಿ ಬಂದಿದ್ದೇನೆ. ಯಾರಾದರೂ ತೀರಿಕೊಂಡರೆ ಅತ್ತೆ ‘ನಡಿಯವಾ, ಮಾತಾಡ್ಸಿ ಬರೂಣು’ ಅಂತಾರೆ. ಹೋದರೆ ಅಲ್ಲಿ ಯಾರೂ ಜಾಸ್ತಿ ಮಾತೇ ಆಡೋದಿಲ್ಲ. ಇದೆಂಥ ಮಾತಾಡಿಸೋದು?

ಉತ್ತರ: ಈ ಕಡೆ ಸೊಸೆಯಾಗಿ ಬಂದವರು, ನೌಕರಿಗೆ ಬಂದವರು ಒಂದಲ್ಲ ಒಂದು ದಿನ ಇದನ್ನು ಕೇಳೇ ಕೇಳ್ತಾರೆ. ಸಾವಾದ ಮನೆಗೆ ಹೋಗುವುದು, ಹಾಸಿಗೆ ಹಿಡಿದವರನ್ನೋ ದವಾಖಾನೆಯಲ್ಲಿ ಇರುವವರನ್ನೋ ನೋಡಿ ಬರುವುದು, ಎಲ್ಲಕ್ಕೂ ನಮ್ಮಲ್ಲಿ ‘ಮಾತಾಡ್ಸಾಕ ಹೋಗೂದು’ ಅಂತಲೇ ಹೇಳೋದು. ಎಷ್ಟು ಮಾತಾಯ್ತು ಅನ್ನೋದು ಲೆಕ್ಕಕ್ಕಿಲ್ಲ. ಹೋಗಿ ಎದುರು ಕೂತರೆ ಮಾತಾಡಿಸಿದ ಹಾಗೇ.

ಪದ ಬಿಡಿಸಿದರೆ ಮಾತು, ಆಡು, ಇಸು. ಕುಡಿ–ಕುಡಿಸು, ಓದು–ಓದಿಸು ಇದ್ದಂತೆ ಮಾತಾಡು–ಮಾತಾಡಿಸು. ಆದರೆ ಕೂಸಿಗೆ ಹಾಲು ಕುಡಿಸುವವಳು ತಾನು ಕುಡಿಯಬೇಕಾಗಿಲ್ಲ, ಮಾತಾಡಿಸುವವರು ಮಾತ್ರ ತಾವೇ ಮೊದಲು ಬಾಯಿ ತೆಗೀಬೇಕು. ‘ಅವರ ಕೂಡ ಮಾತಾಡಿದೆ’ ಅಂದರೆ ಇಬ್ಬರದೂ ಸಮಪಾಲು, ‘ಅವರನ್ನ ಮಾತಾಡಿಸಿದೆ’ ಅಂದರೆ ಶುರು ಮಾಡಿದ್ದು ನಾನು. ಅದಕ್ಕೇ ‘ಬಸ್ ಸ್ಟ್ಯಾಂಡಿನ್ಯಾಗ ಎದುರಿಗೇ ಬಂದ್ರು, ಮಾತಾಡಸಲೇ ಇಲ್ಲ ನೋಡ್ರಿ’ ಅನ್ನೋ ಸಿಟ್ಟು ವರ್ಷಗಟ್ಟಲೆ ಆರೋದಿಲ್ಲ. (ನೀವೇ ಮಾತಾಡಿಸಬಹುದಿತ್ತಲ್ವಾ ಅಂತ ಕೇಳಿ ನೋಡಿ, ನಿಮ್ಮ ಮೇಲೂ ಸಿಟ್ಟಾಗ್ತಾರೆ.)

ಇನ್ನು ‘ಮಾತು’ ಎಲ್ಲಿಂದ ಬಂತು? ತೆಲುಗಿನಲ್ಲಿ ಮಾಟ, ಹಳೆಯ ತಮಿಳಿನಲ್ಲಿ ಮಾಟ್ರಂ, ಅಲ್ಲಿ ಅದಕ್ಕೆ ಮಾತು ಅನ್ನೋ ಅರ್ಥದ ಜೊತೆ ಮರುಮಾತು ಅನ್ನೋ ಅರ್ಥವೂ ಇದೆ. ಇವೆಲ್ಲಕ್ಕೂ ಬೇರು ‘ಮಾರು’, ಅಂದರೆ ಬದಲಾಗು, ಒಬ್ಬರಿಂದ ಇನ್ನೊಬ್ಬರಿಗೆ ಹೋಗು. ನಾರು ಅನ್ನೋದರಿಂದ ನಾತ ಆಯ್ತಲ್ಲ, ಅದೇ ಜಾಡು. ಹಳಗನ್ನಡದಲ್ಲಿ ಉತ್ತರ ಕೊಡೋದಕ್ಕೆ ಮಾರ್ನುಡಿ ಅಂತಿದ್ದರು. ಅಂದರೆ ಮಾತು ಅನ್ನೋದು ಹುಟ್ಟಿನಿಂದಲೇ ಇಬ್ಬರ ನಡುವಿನ ಕೊಡುಕೊಳ್ಳು.

ಬಾಗಲಕೋಟೆಯಲ್ಲಿ ಇದಕ್ಕೆ ಇನ್ನೊಂದು ತೂಕ ಇದೆ ಅಂತ ನನಗನಿಸುತ್ತೆ. ಆಲಮಟ್ಟಿ ಅಣೆಕಟ್ಟಿನ ಹಿನ್ನೀರಿಗೆ ಹಳೇ ಊರಿನ ಎಷ್ಟೋ ಓಣಿಗಳು ಹೋದವು, ಗೋಡೆಗೆ ಗೋಡೆ ಹಚ್ಚಿ ಬದುಕಿದವರು ಮುಳುಗಡೆಯಾದವರಿಗಂತ ಕಟ್ಟಿದ ನವನಗರದ ಒಂದೊಂದು ಸೆಕ್ಟರಿಗೆ ಚದುರಿದರು. ಮೊದಲು ಹೊಸ್ತಿಲಲ್ಲಿ ನಿಂತರೆ ಸಾಕಿತ್ತು, ಈಗ ಮಾತಾಡಿಸಬೇಕಂದ್ರೆ ಆಟೋ ಹಿಡೀಬೇಕು. ಹಾಗೆ ಹುಡುಕಿಕೊಂಡು ಬಂದವರನ್ನು ಮಂದಿ ಮರೆಯೋದಿಲ್ಲ.

ಸಾವಾದ ಮನೆಗೆ ಹೋಗಿ ಏನು ಮಾತಾಡಬೇಕು ಅಂತ ಒದ್ದಾಡಬೇಡಿ. ‘ಹೆಂಗಾತ್ರಿ, ಆರಾಮ ಇರಲಿಲ್ಲೇನು?’ ಅಂತ ಕೇಳಿದರೆ ಸಾಕು. ಜ್ವರ ಬಂದ ದಿನ ಯಾವುದು, ಯಾವ ದವಾಖಾನೆಗೆ ಒಯ್ದರು, ಕಡೀಕ ಏನು ಉಂಡರು, ಎಲ್ಲಾ ಮೊದಲಿನಿಂದ ಹೇಳ್ತಾರೆ. ನಿಮ್ಮ ಹಿಂದೆ ಇನ್ನೊಬ್ಬರು ಬಂದರೆ ಅದನ್ನೇ ಮತ್ತೆ ಮೊದಲಿನಿಂದ ಹೇಳ್ತಾರೆ. ನಡುವೆ ಬಾಯಿ ಹಾಕದೆ ಕೇಳಿ. ಏಳುವಾಗ ಮಾತ್ರ ‘ಬರ್ತೀವ್ರಿ’ ಅನ್ನಬಾರದು, ಸುಮ್ನೆ ಎದ್ದು ನಡೀಬೇಕು.

ಫೋನ್ ಹಚ್ಚಿ ಮಾತಾಡಿಸಿದರೆ ನಡೆಯುತ್ತಾ ಅಂದರೆ, ದೂರದ ಊರಲ್ಲಿದ್ದವರಿಗೆ ನಡೆಯುತ್ತೆ. ಇದೇ ಊರಲ್ಲಿದ್ದು ಫೋನಿನಲ್ಲೇ ಮುಗಿಸಿದರೆ, ‘ನಿಮ್ಮ ಸೊಸಿ ಬಂದು ಮಾತಾಡಸಲಿಲ್ಲ ಬಿಡ್ರಿ’ ಅನ್ನೋದು ನಿಮ್ಮ ಅತ್ತೆಯ ಕಿವಿಗೆ ಬಿದ್ದೇ ಬೀಳುತ್ತೆ.